ಸೀನ್ ಕಳಿಸಿದಿರಿ, ಹಾಡು ಎಲ್ಲಿ ಬಿಟ್ಟಿರಿ?

ನಮ್ಮ ಊರುಗಳಿಗೆ ಒಳ್ಳೆಯ ಸಿನಿಮಾ ಬರುವುದಿಲ್ಲ. ಅದರ 40 ಸೆಕೆಂಡು ಮಾತ್ರ ಬರುತ್ತದೆ.

ಯಾವ 40 ಸೆಕೆಂಡು ಅಂತ ಬಿಡಿಸಿ ಹೇಳಬೇಕಿಲ್ಲ. ಡೇರಿ ಗ್ರೂಪು, ಕ್ರಿಕೆಟ್ ಗ್ರೂಪು, ಎಸ್ಸೆಸ್ಸೆಲ್ಸಿ ಬ್ಯಾಚಿನ ಗ್ರೂಪು, ಎಲ್ಲ ಕಡೆಯೂ ಅದೇ ಸುತ್ತುತ್ತದೆ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಕೋಣೆ. ಕೆಳಗೆ ಒಂದು ಸಾಲು: 'ಇದು ಅವಾರ್ಡ್ ಸಿನಿಮಾ ಅಂತೆ ಕಣ್ರಪ್ಪಾ'. ಅದರ ಕೆಳಗೆ ಸಾಲು ಸಾಲು ನಗುವ ಮುಖಗಳು. ಮಾರನೇ ದಿನ ಅದೇ ಗ್ರೂಪಿನಲ್ಲಿ ಅದೇ ಜನ ಸಂಸ್ಕೃತಿ ಹಾಳಾಯಿತು ಅಂತ ಭಾಷಣ ಬಿಗಿಯುತ್ತಾರೆ.

ಆ ತುಣುಕನ್ನು ನೋಡುವಾಗ ಎಲ್ಲರೂ ಒಂದು ಕೆಲಸ ಮಾಡುತ್ತಾರೆ, ಗಮನಿಸಿ. ಮನೆಯವರಿಗೆ ಕೇಳಿಸಬಾರದು ಅಂತ ಫೋನಿನ ಸೌಂಡನ್ನು ಸೊನ್ನೆಗೆ ಇಳಿಸುತ್ತಾರೆ. ಅಂದರೆ ಮೊದಲು ಕತ್ತರಿಸಿದವನು ಕಥೆಯನ್ನು ತೆಗೆದ. ಆಮೇಲೆ ನೋಡಿದವನು ಸಂಗೀತವನ್ನು ತೆಗೆದ. ಉಳಿದದ್ದು ಎರಡು ಮೈ. ಕಥೆ ಇಲ್ಲ, ಹಾಡಿಲ್ಲ, ಮಾತಿಲ್ಲ, ಮೌನವೂ ಇಲ್ಲ. ಇಷ್ಟನ್ನು ಮಾಡಿದ ಮೇಲೆ 'ಇದು ಹೊಲಸು' ಅಂದರೆ, ಹೊಲಸು ಮಾಡಿದವರು ಯಾರು?

ನಾವು ಹೇಳಲು ಹೊರಟಿರುವುದು ಇಷ್ಟೇ. ಗಂಭೀರ ಸಿನಿಮಾದಲ್ಲಿ ಪ್ರೇಮಿಗಳ ಸಲಿಗೆಯ ಅರ್ಥ ಅರ್ಧಕ್ಕಿಂತ ಹೆಚ್ಚು ಇರುವುದು ಕಿವಿಯಲ್ಲಿ. ಆ ಸದ್ದನ್ನು ಕಿತ್ತು ಹಾಕಿ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ. ಈ ತಲೆಕೆಟ್ಟ ತೀರ್ಪಿನ ಬೆಲೆಯನ್ನು ಕಟ್ಟುತ್ತಿರುವವರು ನಮ್ಮ ಊರಿನ ಹುಡುಗಿಯರು.

ಹಾಡು ಕೇಳಿ ಮನಸೋತವಳು

'ಇದೆಲ್ಲ ಫಾರಿನ್ ರೋಗ, ನಮ್ಮಲ್ಲಿ ಇರಲಿಲ್ಲ' ಅನ್ನುವವರಿಗೆ ಮೊದಲು ಉತ್ತರ ಕೊಡೋಣ.

ಜನ್ನ ಕವಿ 'ಯಶೋಧರ ಚರಿತೆ' ಬರೆದದ್ದು 1209ರಲ್ಲಿ. ಅಲ್ಲಿ ರಾಣಿ ಅಮೃತಮತಿ ರಾತ್ರಿ ಅರಮನೆಯಲ್ಲಿ ಮಲಗಿರುವಾಗ ಆನೆಯ ಲಾಯದಿಂದ ಒಂದು ಹಾಡು ಕೇಳಿಸುತ್ತದೆ. ಹಾಡಿದವನು ಮಾವುತ ಅಷ್ಟಾವಂಕ. ಹೆಸರೇ ಹೇಳುವಂತೆ ಸೊಟ್ಟ ಮೈಯವನು, ನೋಡಲು ಕುರೂಪಿ. ರಾಣಿ ಅವನ ಮುಖ ನೋಡುವ ಮೊದಲೇ ದನಿಗೆ ಮನಸೋಲುತ್ತಾಳೆ. ಪಕ್ಕದಲ್ಲಿ ಚೆಲುವ ಗಂಡ ಇದ್ದಾನೆ. ಕಾವ್ಯ ಅವಳನ್ನು ಹೊಗಳುವುದಿಲ್ಲ, ಜೈನ ಧರ್ಮದ ಪಾಠ ಹೇಳಲು ಬರೆದ ಕಾವ್ಯ ಅದು. ಆದರೆ ಕವಿ ಆ ರಾತ್ರಿಯನ್ನು ಬಚ್ಚಿಡಲಿಲ್ಲ. ಕಾಮ ಕಣ್ಣಿಗಿಂತ ಮೊದಲು ಕಿವಿಯಿಂದ ಬರಬಹುದು ಎಂಬುದನ್ನು 800 ವರ್ಷದ ಹಿಂದೆ ಕನ್ನಡದಲ್ಲಿ ಬರೆದಿಟ್ಟ. ಅದನ್ನೇ ಹಿಡಿದು ಗಿರೀಶ್ ಕಾರ್ನಾಡ್ 'ಹಿಟ್ಟಿನ ಹುಂಜ' ನಾಟಕ ಬರೆದರು.

ಅಷ್ಟು ದೂರ ಯಾಕೆ, ನಿಮ್ಮ ಅಜ್ಜಿಯನ್ನೇ ಕೇಳಿ. ಸೋಬಾನೆ ಪದ, ಒಸಗೆ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು. ಮದುವೆ ಮನೆಯಲ್ಲಿ, ಪ್ರಸ್ತದ ದಿನ, ಹೆಂಗಸರು ಕೂತು ಹಾಡುತ್ತಿದ್ದದ್ದು ಏನನ್ನು? ಮಲ್ಲಿಗೆ ಹೂವು, ಮಂಚ, ಬಾಗಿಲು, ನಾಚಿಕೆ. ಅತ್ತೆಯ ಎದುರೇ ಹಾಡುತ್ತಿದ್ದರು, ಸೊಸೆಯನ್ನು ಕೂರಿಸಿಕೊಂಡೇ ಹಾಡುತ್ತಿದ್ದರು. ಹೊಸದಾಗಿ ಬಂದ ಹುಡುಗಿಗೆ ರಾತ್ರಿಯ ಹೆದರಿಕೆ ಕಳೆಯಲು ನಮ್ಮ ಹಿರಿಯರಿಗೆ ಗೊತ್ತಿದ್ದ ದಾರಿ ಅದೊಂದೇ: ಹೇಳಲಾಗದ್ದನ್ನು ರಾಗದಲ್ಲಿ ಹೇಳುವುದು. ಅದು ಅಶ್ಲೀಲ ಅಂತ ಯಾವ ಪಂಚಾಯಿತಿಯೂ ದಂಡ ಹಾಕಲಿಲ್ಲ.

ಈಗ ಆ ಅಜ್ಜಿಯರು ಹಾಡುವುದನ್ನು ನಿಲ್ಲಿಸಿದ್ದಾರೆ. ಮದುವೆ ಮನೆಯಲ್ಲಿ ಡಿಜೆ ಬಂದಿದೆ. ಮೊಮ್ಮಕ್ಕಳಿಗೆ ಸಿಕ್ಕಿರುವುದು ಸೌಂಡ್ ಇಲ್ಲದ ಕ್ಲಿಪ್ಪು.

ನಮ್ಮ ಸಿನಿಮಾಗಳು ಮಾಡಿದ್ದೇನು?

ಸಿನಿಮಾ ತೆಗೆದುಕೊಳ್ಳಿ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅವರ 'ಸಂಸ್ಕಾರ' ಬಂತು. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕಾಡಿನ ಕತ್ತಲಲ್ಲಿ ಅವರಿಬ್ಬರು ಸೇರುವುದೇ ಕಥೆಯ ತಿರುವು. ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥ. ಮದ್ರಾಸಿನ ಸೆನ್ಸಾರ್ ಮಂಡಳಿ ಸಿನಿಮಾವನ್ನು ತಡೆಯಿತು. ಆಮೇಲೆ ಕೇಂದ್ರದಿಂದ ಅನುಮತಿ ಸಿಕ್ಕಿ ಬಿಡುಗಡೆಯಾಯಿತು, ಅತ್ಯುತ್ತಮ ಚಿತ್ರಕ್ಕೆ ಸ್ವರ್ಣ ಕಮಲ ಪಡೆದ ಮೊದಲ ಕನ್ನಡ ಸಿನಿಮಾ ಆಯಿತು. ತಡೆದವರಿಗೆ ಮುಖ್ಯ ತೊಂದರೆ ಆದದ್ದು ಮೈಯಿಂದಲ್ಲ, ಜಾತಿಯಿಂದ. ಯಾರು ಯಾರನ್ನು ಮುಟ್ಟಿದರು ಎಂಬುದರಿಂದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅದೇ 1970ರಲ್ಲಿ ಸುಪ್ರೀಂ ಕೋರ್ಟ್ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸೆನ್ಸಾರ್ ಇರಲಿ ಎಂದ ಅದೇ ನ್ಯಾಯಾಲಯ ಕಾಮವೂ ಅಶ್ಲೀಲವೂ ಯಾವಾಗಲೂ ಒಂದೇ ಅಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿತು. ದೇಶದ ಕೋರ್ಟಿಗೆ ಅರ್ಥವಾಗಿ 50 ವರ್ಷ ದಾಟಿದೆ. ಗ್ರೂಪ್ ಅಡ್ಮಿನ್‌ಗಳಿಗೆ ಇನ್ನೂ ಆಗಿಲ್ಲ.

1977ರಲ್ಲಿ ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ'. ಯಮುನಾ ಚಿಕ್ಕ ವಯಸ್ಸಿನ ವಿಧವೆ. ಶಾಲೆಯ ಮೇಷ್ಟ್ರ ಜೊತೆ ಪ್ರೀತಿ, ಬಸಿರು. ಸಿನಿಮಾ ಅವರ ರಾತ್ರಿಯನ್ನು ತೋರಿಸುವುದಿಲ್ಲ. ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿಗೆ ಬಿದ್ದಷ್ಟೇ ನಮಗೂ. ಉಳಿದದ್ದನ್ನು ಹೇಳಿದವರು ಸಂಗೀತ ನಿರ್ದೇಶಕ ಬಿ.ವಿ. ಕಾರಂತ. ಆ ಕೆಲಸಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮೇಷ್ಟ್ರು ಊರು ಬಿಟ್ಟು ಪಾರಾಗುತ್ತಾನೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂರುವವಳು ಯಮುನಾ. ಬದುಕಿರುವವಳಿಗೆ ಶ್ರಾದ್ಧ.

ಈ ಸಿನಿಮಾದ ಹಳೆಯ ಪ್ರತಿಯನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮಲೆನಾಡಿನ ಕಥೆ ಇಟಲಿಗೆ ಹೋಗಿ ಬಂತು. ನಿಮ್ಮ ತಾಲೂಕಿಗೆ ಬಂತೇ?

2018ರಲ್ಲಿ ಮಂಸೋರೆ ಅವರ 'ನಾತಿಚರಾಮಿ'. ಹೆಸರನ್ನು ಸ್ವಲ್ಪ ಯೋಚಿಸಿ. ಮದುವೆ ಮಂಟಪದಲ್ಲಿ ಪುರೋಹಿತರು ಗಂಡಿನ ಬಾಯಲ್ಲಿ ಹೇಳಿಸುವ ಮಾತು. ಧರ್ಮ, ಅರ್ಥ, ಕಾಮ, ಈ ಮೂರರಲ್ಲೂ ಇವಳನ್ನು ಮೀರಿ ನಡೆಯುವುದಿಲ್ಲ ಎಂಬ ಆಣೆ. ಕಾಮ ಎಂಬ ಪದವನ್ನು ಊರಿನ ಎದುರು ಮೈಕಿನಲ್ಲಿ ಹೇಳಿ ಮದುವೆ ಮಾಡುತ್ತೇವೆ. ಗೌರಿ ಎಂಬ ತರುಣಿ ಗಂಡ ಸತ್ತ ಮೇಲೆ ತನ್ನ ಮೈಗೂ ಆಸೆ ಇದೆ ಎಂದರೆ ಬೆಚ್ಚಿ ಬೀಳುತ್ತೇವೆ. ಶ್ರುತಿ ಹರಿಹರನ್ ಆ ಪಾತ್ರ ಮಾಡಿದರು, ಅವರ ಎದುರು ಸಂಚಾರಿ ವಿಜಯ್. ಸಂಗೀತ ಬಿಂದುಮಾಲಿನಿ ಅವರದು.

ಆ ಸಿನಿಮಾಕ್ಕೆ ಐದು ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಎರಡು ಬಂದದ್ದು ಒಂದೇ ಹಾಡಿಗೆ, 'ಮಾಯಾವಿ ಮನವೆ'. ಹಾಡಿದ್ದಕ್ಕೆ ಬಿಂದುಮಾಲಿನಿಗೆ, ಬರೆದದ್ದಕ್ಕೆ ಮಂಸೋರೆಗೆ. ಅಂದರೆ ಪ್ರಶಸ್ತಿ ಕೊಟ್ಟವರು ಆ ಸಿನಿಮಾವನ್ನು ಕಿವಿಯಿಂದಲೂ ನೋಡಿದ್ದರು. ಆ ಹೆಂಗಸಿನ ಒಂಟಿತನ ಇರುವುದೇ ಆ ದನಿಯಲ್ಲಿ. ಈಗ ನೀವೇ ಹೇಳಿ, ನಿಮ್ಮ ಫೋನಿಗೆ ಆ ಹಾಡನ್ನು ಯಾರಾದರೂ ಒಮ್ಮೆಯಾದರೂ ಫಾರ್ವರ್ಡ್ ಮಾಡಿದ್ದಾರಾ?

ಪಟ್ಟಣದವರ ಸಿನಿಮಾ ಅಂತೀರಾ?

ಹಾಗಾದರೆ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿಗೆ ಬನ್ನಿ. ರಾಮ್ ರೆಡ್ಡಿ ಅವರ 'ತಿಥಿ' ಅಲ್ಲಿನದು. ಕಥೆಯಲ್ಲಿ ಕೈಜೋಡಿಸಿದ ಈರೇಗೌಡರು ಅದೇ ಊರಿನವರು, ನಟಿಸಿದವರು ಹಳ್ಳಿಯ ಜನ. ಸೆಂಚುರಿ ಗೌಡನ ತಿಥಿ, ಗಡ್ಡಪ್ಪನ ಅಲೆದಾಟ, ತಮ್ಮಣ್ಣನ ಜಮೀನಿನ ಚಿಂತೆ ಎಲ್ಲರಿಗೂ ಗೊತ್ತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದ ಸಿನಿಮಾ. ಆದರೆ ಅದರೊಳಗೆ ಇನ್ನೊಂದು ಕಥೆಯಿದೆ. ಮೊಮ್ಮಗ ಅಭಿ ಕುರಿ ಕಾಯುವ ಕಾವೇರಿಯ ಹಿಂದೆ ಬಿದ್ದಿದ್ದಾನೆ. ಫೋನಿನಲ್ಲಿ ನೋಡಬಾರದ್ದನ್ನು ನೋಡುವ ಹುಡುಗನೂ ಅವನೇ. ನಮ್ಮ ಗ್ರೂಪಿನ ಸದಸ್ಯನೇ ಅನ್ನಿ.

ಅಭಿ ಮತ್ತು ಕಾವೇರಿ ಹತ್ತಿರ ಬರುವಾಗ ಪಿಟೀಲು ಮೊಳಗುವುದಿಲ್ಲ, ಹೂವಿನ ಮಳೆ ಸುರಿಯುವುದಿಲ್ಲ. ಕೇಳಿಸುವುದು ಊರಿನ ಸದ್ದು. ಅದರ ಶಬ್ದ ವಿನ್ಯಾಸ ಮಾಡಿದ್ದು ನಿತಿನ್ ಲೂಕೋಸ್. ಸಂಗೀತವನ್ನು ಬೇಕೆಂದೇ ದೂರ ಇಡುವುದೂ ಒಂದು ಸಂಗೀತದ ಕೆಲಸ. ರಾಗ ಹಾಕಿದ್ದರೆ ಅಭಿ ಹೀರೋ ಆಗಿಬಿಡುತ್ತಿದ್ದ. ರಾಗ ಇಲ್ಲದ್ದರಿಂದ ಅವನು ನಮ್ಮ ಪಕ್ಕದ ಮನೆಯ ಹುಡುಗನಾಗಿಯೇ ಉಳಿದ. ಅವನ ಆತುರ, ಅವಳ ಅನುಮಾನ, ಎರಡೂ ಬರಿಗಾಲಲ್ಲಿ ನಿಂತಿವೆ.

ಪ್ರಪಂಚದಲ್ಲಿ ಇದಕ್ಕಿಂತ ಮುಂದೆ ಹೋದವರೂ ಇದ್ದಾರೆ. 2004ರಲ್ಲಿ ಬ್ರಿಟನ್ನಿನ ಮೈಕೆಲ್ ವಿಂಟರ್‌ಬಾಟಮ್ '9 ಸಾಂಗ್ಸ್' ಎಂಬ ಸಿನಿಮಾ ಮಾಡಿದರು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಅವರು ಜೊತೆಗೆ ಹೋಗುವ ಸಂಗೀತ ಕಾರ್ಯಕ್ರಮಗಳು, ನಡುವೆ ಅವರ ಮಂಚ. ಏನನ್ನೂ ಮುಚ್ಚದ ಸಿನಿಮಾ ಅದು. ಅಲ್ಲಿನ ಮಂಡಳಿ ಒಂದೂ ಕಡಿತ ಮಾಡದೆ 18 ವರ್ಷ ಮೇಲ್ಪಟ್ಟವರಿಗೆ ಅಂತ ಸರ್ಟಿಫಿಕೇಟ್ ಕೊಟ್ಟಿತು. ಹೆಸರಿನಲ್ಲೇ ಹಾಡು ಇದೆ. ಆದರೂ ಊರೆಲ್ಲ ಮಾತಾಡಿದ್ದು ಮಂಚದ ಬಗ್ಗೆ. ಲಂಡನ್ ಆದರೇನು, ಮಳವಳ್ಳಿ ಆದರೇನು, ಕಿವಿ ಮುಚ್ಚಿಕೊಂಡು ನೋಡುವವರು ಎಲ್ಲ ಕಡೆಯೂ ಇದ್ದಾರೆ.

ಕುಮಾರ ಪಾರ್ಕಿನ ಒಂದು ಪಾಠ

ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ಶೇಷಾದ್ರಿಪುರದ ಕಡೆ ನಡೆದರೆ ಕುಮಾರ ಪಾರ್ಕ್ ಸಿಗುತ್ತದೆ. 1927ರಲ್ಲಿ ಗಾಂಧೀಜಿ ಕಾಯಿಲೆ ಬಿದ್ದು ನಂದಿ ಬೆಟ್ಟದಲ್ಲಿ ಸುಧಾರಿಸಿಕೊಂಡು, ಆಮೇಲೆ ವಾರಗಟ್ಟಲೆ ಉಳಿದದ್ದು ಇಲ್ಲಿ. ಆಗಿನ ಅವರ ಕಾಗದಗಳ ಮೇಲೆ ವಿಳಾಸ ಕುಮಾರ ಪಾರ್ಕ್, ಬೆಂಗಳೂರು. ಇವತ್ತಿಗೂ ಅಲ್ಲಿ ಗಾಂಧಿ ಭವನ ಇದೆ.

ಅದೇ ವರ್ಷ ಬ್ರಿಟಿಷ್ ಸರ್ಕಾರ ಟಿ. ರಂಗಾಚಾರಿಯರ್ ಅಧ್ಯಕ್ಷತೆಯಲ್ಲಿ ಸಿನಿಮಾ ವಿಚಾರಣಾ ಸಮಿತಿ ಮಾಡಿತು. ಸಮಿತಿ ಗಾಂಧೀಜಿಗೂ ಪ್ರಶ್ನೆ ಕಳಿಸಿತು. ಬೆಂಗಳೂರು ಬಿಟ್ಟ ಕೆಲವು ತಿಂಗಳಲ್ಲಿ ಅವರು ಕೊಟ್ಟ ಉತ್ತರದ ತಾತ್ಪರ್ಯ ಇದು: ನಾನು ಸಿನಿಮಾಕ್ಕೆ ಹೋದವನೇ ಅಲ್ಲ, ಆದ್ದರಿಂದ ಉತ್ತರಿಸಲು ಯೋಗ್ಯನಲ್ಲ. ಆದರೆ ಅದರಿಂದ ಆಗಿರುವ ಕೆಡುಕು ಹೊರಗಿನವನಿಗೂ ಕಾಣುತ್ತದೆ.

ಗಾಂಧೀಜಿ ಮೇಲೆ ನಮಗೆ ಗೌರವ ಇದೆ. ಆದರೂ ಈ ಮಾತಿನ ಎರಡನೇ ಭಾಗವನ್ನು ನಾವು ಒಪ್ಪುವುದಿಲ್ಲ. ನೋಡದೆ ತೀರ್ಪು ಕೊಡುವುದು ಮಹಾತ್ಮರು ಮಾಡಿದರೂ ಸರಿಯಲ್ಲ. ಆದರೆ ಮೊದಲ ಭಾಗದಲ್ಲಿ ಒಂದು ನಿಯತ್ತು ಇದೆ. ನೋಡಿಲ್ಲ ಅಂತ ಅವರು ಬಾಯಿ ಬಿಟ್ಟು ಹೇಳಿದರು. ನಮ್ಮ ಇವತ್ತಿನ ಸಂಸ್ಕೃತಿ ರಕ್ಷಕರಿಗೆ ಅಷ್ಟೂ ಇಲ್ಲ. 40 ಸೆಕೆಂಡು ನೋಡಿ, ಅದೂ ಸೌಂಡ್ ಇಲ್ಲದೆ ನೋಡಿ, ಇಡೀ ಸಿನಿಮಾ ನೋಡಿದವರ ಹಾಗೆ ಉಪದೇಶ ಮಾಡುತ್ತಾರೆ.

ಇದೇ ಕುಮಾರ ಪಾರ್ಕಿನ ಮಗ್ಗುಲಲ್ಲಿ, ಕ್ರೆಸೆಂಟ್ ರಸ್ತೆಯಲ್ಲಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಇದೆ. ಇನ್ನೊಂದು ಮಗ್ಗುಲಲ್ಲಿ ಸಿನಿಮಾ ಹಂಚುವವರ ಗಾಂಧಿನಗರ. ಯಾವ ಸಿನಿಮಾ ಯಾವ ಊರಿಗೆ ಹೋಗಬೇಕು ಎಂಬ ವ್ಯಾಪಾರ ನಡೆಯುವುದು ಈ ಒಂದೆರಡು ಮೈಲಿಯೊಳಗೆ. ಇವರಿಗೂ ನಮ್ಮದೊಂದು ಮಾತಿದೆ. ಪ್ರಶಸ್ತಿ ಸಿನಿಮಾ ಬೆಂಗಳೂರಿನ ಮಾಲ್‌ನಲ್ಲಿ ಒಂದು ವಾರ ಓಡಿ ಇಳಿಯುತ್ತದೆ. ವರ್ಷಕ್ಕೊಮ್ಮೆ ಚಿತ್ರೋತ್ಸವ, ಅದೂ ಬೆಂಗಳೂರಿನಲ್ಲೇ. ತಾಲೂಕಿನ ಟಾಕೀಸಿಗೆ ಬರುವುದು ಐಟಂ ಹಾಡಿನ ಸಿನಿಮಾ. ಆಮೇಲೆ 'ಹಳ್ಳಿಯವರಿಗೆ ಟೇಸ್ಟ್ ಇಲ್ಲ' ಎಂಬ ಮಾತು ಬೇರೆ. ಬಡಿಸದೆ ಇದ್ದರೆ ರುಚಿ ಎಲ್ಲಿಂದ ಬರಬೇಕು?

ಜಾತ್ರೆಯಲ್ಲಿ ಸರಿ, ಸಿನಿಮಾದಲ್ಲಿ ತಪ್ಪಾ?

ಐಟಂ ಹಾಡಿನ ಮಾತು ಬಂತಲ್ಲ, ಮುಗಿಸಿಬಿಡೋಣ. ಗಣೇಶನ ಪೆಂಡಾಲಿನಲ್ಲಿ, ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಡಬಲ್ ಮೀನಿಂಗ್ ಹಾಡಿಗೆ ಹುಡುಗಿಯರನ್ನು ಕುಣಿಸುತ್ತಾರೆ. ಮುಂದಿನ ಸಾಲಿನಲ್ಲಿ ಊರಿನ ಮುಖಂಡರು, ಮಡಿಲಲ್ಲಿ ಮೊಮ್ಮಕ್ಕಳು. ಅಲ್ಲಿ ಹಾಡು ಇದೆ, ಮೈ ಇದೆ. ಇಲ್ಲದ್ದು ಆ ಹೆಣ್ಣಿನ ಮನಸ್ಸು. ಅವಳಿಗೆ ಏನು ಬೇಕು ಅಂತ ಆ ಹಾಡು ಕೇಳುವುದಿಲ್ಲ. 'ನಾತಿಚರಾಮಿ'ಯ ಹಾಡು ಕೇಳುವುದು ಅದೊಂದನ್ನೇ. ಮೊದಲಿನದಕ್ಕೆ ಶಿಳ್ಳೆ, ಎರಡನೆಯದಕ್ಕೆ ಬೈಗುಳ. ಹೆಣ್ಣಿಗೆ ಆಸೆ ಇದೆ ಎಂಬುದೇ ನಿಮ್ಮ ಸಿಟ್ಟಿಗೆ ಕಾರಣ ಅಂತ ಒಪ್ಪಿಕೊಂಡುಬಿಡಿ. ಸಂಸ್ಕೃತಿಯನ್ನು ನಡುವೆ ತರಬೇಡಿ.

ಎಲ್ಲ ಆರ್ಟ್ ಸಿನಿಮಾದವರೂ ಸಾಚಾ ಅಂತ ನಾವು ಹೇಳುತ್ತಿಲ್ಲ. ಬೆತ್ತಲೆ ಬೆನ್ನಿಗೆ ಕೊಳಲು ಊದಿಸಿ ಕಲೆ ಅಂತ ಮಾರುವವರೂ ಇದ್ದಾರೆ. ಗುರುತು ಹಿಡಿಯಲು ಒಂದು ಸುಲಭದ ದಾರಿ ಇದೆ. ಆ ದೃಶ್ಯ ಬಂದಾಗ ಕಣ್ಣು ಮುಚ್ಚಿ ಕೇಳಿ. ಇಬ್ಬರಲ್ಲಿ ಯಾರು ಹೆದರಿದ್ದಾರೆ, ಯಾರು ನಂಬಿದ್ದಾರೆ ಅಂತ ಸದ್ದಿನಿಂದ ತಿಳಿದರೆ ಅದು ಸಿನಿಮಾ. ಏನೂ ತಿಳಿಯದೆ ಬರೀ ಏದುಸಿರು ಕೇಳಿಸಿದರೆ ಎದ್ದು ಹೊರಗೆ ಬನ್ನಿ. ಆ ದೃಶ್ಯದ ಮಾರನೇ ಬೆಳಿಗ್ಗೆ ಹುಡುಗಿಗೆ ಏನಾಯಿತು ಅಂತ ಕಥೆ ವಿಚಾರಿಸುತ್ತದಾ, ಅದನ್ನೂ ನೋಡಿ.

'ಮಕ್ಕಳ ಕೈಲಿ ಫೋನ್ ಇದೆ ಸ್ವಾಮಿ' ಅನ್ನುತ್ತಾರೆ. ಸರಿಯಾದ ಚಿಂತೆ. ಆದರೆ ಸಿನಿಮಾಕ್ಕೆ ಸರ್ಟಿಫಿಕೇಟ್ ಇದೆ. 2023ರ ಕಾನೂನು ತಿದ್ದುಪಡಿಯ ಮೇಲೆ ಯುಎ ದರ್ಜೆಯಲ್ಲೇ 7+, 13+, 16+ ಅಂತ ಮೂರು ಭಾಗ, ದೊಡ್ಡವರಿಗೆ ಬೇರೆ ಎ ದರ್ಜೆ. ಕ್ಲಿಪ್ಪಿಗೆ ಯಾವ ಸರ್ಟಿಫಿಕೇಟ್ ಇದೆ? ಮಕ್ಕಳ ಕೈಗೆ ಅದನ್ನು ಕೊಟ್ಟವರು ನಿರ್ದೇಶಕರಲ್ಲ, ಫಾರ್ವರ್ಡ್ ಮಾಡಿದ ಅಣ್ಣಂದಿರು.

ಬೆಲೆ ಕಟ್ಟುವವಳು ಯಾರು?

ಈ ಚಟ ಸಿನಿಮಾದಲ್ಲೇ ನಿಂತಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಇವತ್ತು ನಟಿಯ ಕ್ಲಿಪ್ಪು ಕಳಿಸಿದ ಕೈ ನಾಳೆ ಪಕ್ಕದ ಬೀದಿಯ ಹುಡುಗಿಯ ಕ್ಲಿಪ್ಪು ಕಳಿಸುತ್ತದೆ. ಪೃಥ್ವಿ ಕೊಣನೂರು ಅವರ 'ಹದಿನೇಳೆಂಟು' ಇದನ್ನೇ ಹೇಳುತ್ತದೆ. 2022ರಲ್ಲಿ ಬೂಸಾನ್ ಚಿತ್ರೋತ್ಸವಕ್ಕೆ ಹೋಗಿ, ಅದೇ ವರ್ಷ ಗೋವಾ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗವನ್ನು ಉದ್ಘಾಟಿಸಿದ ಸಿನಿಮಾ. ಕಾಲೇಜಿನ ಹರಿ ಮತ್ತು ದೀಪಾ ತಮ್ಮ ಖಾಸಗಿ ಕ್ಷಣವನ್ನು ತಾವೇ ಫೋನಿನಲ್ಲಿ ಹಿಡಿದುಕೊಳ್ಳುತ್ತಾರೆ, ಅದು ಹೊರಗೆ ಸೋರುತ್ತದೆ. ಆಮೇಲೆ ಆಡಳಿತ ಮಂಡಳಿ, ವಿಚಾರಣೆ, ವಕೀಲರು. ನಿಧಾನವಾಗಿ ಜಾತಿ ಹೊರಗೆ ಬರುತ್ತದೆ. ತಪ್ಪು ಇಬ್ಬರದ್ದಾದರೂ ಭಾರ ಇಬ್ಬರಿಗೂ ಒಂದೇ ಅಲ್ಲ. 'ಸಂಸ್ಕಾರ'ದಿಂದ ಇಲ್ಲಿಯ ತನಕ 50 ವರ್ಷ ಕಳೆದರೂ ಪ್ರಶ್ನೆ ಅದೇ: ಯಾರು ಯಾರನ್ನು ಮುಟ್ಟಿದರು.

ಜಿಲ್ಲೆಯಲ್ಲಿ ಸುದ್ದಿ ಮಾಡುವ ನಮಗೆ ಇದರ ಮುಂದಿನ ಅಧ್ಯಾಯವೂ ಗೊತ್ತು. ಹುಡುಗಿಯ ಕಾಲೇಜು ನಿಲ್ಲುತ್ತದೆ. ಫೋನ್ ಕಸಿದುಕೊಳ್ಳುತ್ತಾರೆ. ಆತುರದ ಮದುವೆ ಆಗುತ್ತದೆ. ಕೆಲವು ಮನೆಗಳಲ್ಲಿ ಇನ್ನೂ ಕೆಟ್ಟದ್ದು ಆಗುತ್ತದೆ. ಹುಡುಗ ಒಂದು ತಿಂಗಳು ಮಾವನ ಮನೆಯಲ್ಲಿದ್ದು ವಾಪಸ್ ಬರುತ್ತಾನೆ, ಯಮುನಾಳ ಮೇಷ್ಟ್ರಿನ ಹಾಗೆ.

ಆದ್ದರಿಂದ ಕಾನೂನನ್ನೂ ತಿಳಿದುಕೊಳ್ಳಿ. ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು. ಲೈಂಗಿಕ ಕ್ರಿಯೆಯ ವಿಡಿಯೋ ಹಂಚಿದರೆ 67ಎ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ವಿಡಿಯೋದಲ್ಲಿರುವವರು 18 ತುಂಬದವರಾದರೆ 67ಬಿ, ಜೊತೆಗೆ ಪೋಕ್ಸೋ. 'ನನಗೆ ಬಂದದ್ದನ್ನು ಕಳಿಸಿದೆ ಅಷ್ಟೇ' ಎಂಬುದು ಸಮಜಾಯಿಷಿ ಆಗುವುದಿಲ್ಲ. ನಿಮ್ಮ ಮನೆಯ ಮಗಳ ವಿಡಿಯೋ ಹೀಗೆ ಹರಿದಾಡಿದರೆ ಅವಳನ್ನು ಹೊಡೆಯಬೇಡಿ. 1930ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ದೂರು ಕೊಡಿ, ಕಳಿಸಿದವನ ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ತಾಲೂಕಿಗೊಂದು ರಂಗಮಂದಿರ, ಅಂಬೇಡ್ಕರ್ ಭವನ, ಸಮುದಾಯ ಭವನ ಇವೆ. ತಿಂಗಳಿಗೆ ಒಂದು ಸಂಜೆ 'ಘಟಶ್ರಾದ್ಧ'ವೋ 'ತಿಥಿ'ಯೋ 'ನಾತಿಚರಾಮಿ'ಯೋ ಪೂರ್ತಿ ತೋರಿಸಿ. ಎ ಸರ್ಟಿಫಿಕೇಟ್ ಇದ್ದರೆ ಬಾಗಿಲಲ್ಲಿ ವಯಸ್ಸು ಕೇಳಿ. ಹೆಂಗಸರಿಗೆ ಮುಂದಿನ ಸಾಲು ಬಿಡಿ. ಸಿನಿಮಾ ಮುಗಿದ ಮೇಲೆ ಅರ್ಧ ಗಂಟೆ ಮಾತಾಡಲು ಬಿಡಿ, ಬೈಯುವವರೂ ಬೈಯಲಿ. ಪೂರ್ತಿ ನೋಡಿ ಬೈದರೆ ನಾವು ಕೂತು ಕೇಳುತ್ತೇವೆ. ನಾವು ಕೇಳುತ್ತಿರುವುದು ಸ್ಪೀಕರ್ ಚೆನ್ನಾಗಿರಲಿ ಅಂತ ಮಾತ್ರ.

ಅಲ್ಲಿಯ ತನಕ ಗ್ರೂಪಿನಲ್ಲಿ ಯಾರಾದರೂ ಆ 40 ಸೆಕೆಂಡು ಕಳಿಸಿದರೆ ಒಂದೇ ಸಾಲಿನ ಉತ್ತರ ಹಾಕಿ: ಹಾಡು ಎಲ್ಲಿ ಬಿಟ್ಟೆ?